ಸಾಹೇಬರಿಗೆ ಎಸ್ ಹಚ್ಚಬಾರದು

ಸುರಪುರ. ೧೯೫೭ನೆಯ ಫೆಬ್ರವರಿ ೧೭, ಭಾನುವಾರ. ಮಧ್ಯಾಹ್ನ ಮೂರೂಕಾಲಿಗೆ ಬರೆಯಲು ಶುರು ಮಾಡಿದೆ. ಕುಳಿತದ್ದು ಮೂರಕ್ಕೇ. ನಡುವಿನ ಕಾಲು ಗಂಟೆ ಒಣಗಿದ ಶಾಯಿಗೆ ನೀರು ಹಾಕಿ ಕಲಕುವುದರಲ್ಲಿ ಹೋಯಿತು. ಇದನ್ನೆಲ್ಲ ಬರೆದಿಡಬೇಕೇ ಎಂದು ನೀವು ಕೇಳಬಹುದು. ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಅಡಿಕೆ ಅಗಿಯುವ ಚಟ. ನನಗೆ ತಾರೀಖು ಹಾಕುವ ಚಟ. ಹೊಸ ಸೀರೆ ಉಟ್ಟ ದಿನವನ್ನೂ ಬರೆದಿಡುತ್ತೇನೆ, ಅದು ಮೊಳೆಗೆ ಸಿಕ್ಕು ಹರಿದ ದಿನವನ್ನೂ ಬರೆದಿಡುತ್ತೇನೆ. ಎರಡೂ ಒಂದೇ ದಿನವಾದದ್ದೂ ಉಂಟು.

ಇವತ್ತು ಮಾಡಬೇಕಾಗಿದ್ದ ಕೆಲಸ ಬೇರೆ. ನಾನು ಇಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಸೇರಿ ಇನ್ನೂ ವರ್ಷ ತುಂಬಿಲ್ಲ. ಯಾರಾದರೂ ‘ಟೀಚರ್’ ಎಂದು ಕರೆದರೆ ಈಗಲೂ ಒಂದು ಗಳಿಗೆ ತಡೆದು ಓಗೊಡುತ್ತೇನೆ. ‘ಕೆಳಗಿನ ಶಬ್ದಗಳನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಉಪಯೋಗಿಸಿರಿ’ ಎಂಬ ಪ್ರಶ್ನೆಗೆ ಹುಡುಗಿಯರು ಬರೆದದ್ದನ್ನು ತಿದ್ದಿ ನಾಳೆ ಕೊಡಬೇಕು. ಒಂದು ಕಾಗದದ ಮುಂದೆ ಕೆಂಪು ಶಾಯಿ ಹಿಡಿದು ನಿಂತುಬಿಟ್ಟಿದ್ದೇನೆ. ‘ಕಮ್’ ಎಂಬ ಶಬ್ದಕ್ಕೆ ಆ ಹುಡುಗಿ ಎರಡು ವಾಕ್ಯ ಬರೆದಿದ್ದಾಳೆ. ಮೊದಲನೆಯದು, ‘ಮೈ ಮದರ್ ಕಮ್ಸ್ ಫ್ರಮ್ ದಿ ಫೀಲ್ಡ್.’ ನಮ್ಮವ್ವ ಹೊಲದಿಂದ ಬರುತ್ತಾಳೆ. ಇದು ಸರಿ. ಎರಡನೆಯದು, ‘ಮೈ ಟೀಚರ್ ಕಮ್ ಫ್ರಮ್ ಶಾಹಪುರ್.’ ನಮ್ಮ ಟೀಚರು ಶಾಹಪುರದಿಂದ ಬರುತ್ತಾರೆ. ಇಲ್ಲಿಯೂ ‘ಕಮ್ಸ್’ ಆಗಬೇಕಿತ್ತು. ಅವ್ವನಿಗೆ ಹಚ್ಚಿದ ಎಸ್ಸನ್ನು ನನಗೆ ಹಚ್ಚಿಲ್ಲ.

ಮರೆತಿದ್ದಾಳೆ ಎಂದು ನೀವು ಅನ್ನಬಹುದು. ಹಿಂದಿನ ಸಾಲಿನಲ್ಲಿ ಗೊತ್ತಿದ್ದದ್ದನ್ನು ಮುಂದಿನ ಸಾಲಿನಲ್ಲಿ ಮರೆಯುವ ಹುಡುಗಿ ಅವಳಲ್ಲ. ಅದು ಮರೆವಲ್ಲ, ಮರ್ಯಾದೆ. ನನಗೆ ನೋಡಿದ ಕೂಡಲೇ ತಿಳಿಯಿತು. ಏಕೆಂದರೆ ಈ ತಪ್ಪನ್ನು ಜಗತ್ತಿನಲ್ಲಿ ಮೊದಲು ಮಾಡಿದವನು ನಮ್ಮ ಮಾಳಪ್ಪ ಕಾಕಾ ಎಂದೇ ಇಷ್ಟು ದಿನ ನಂಬಿದ್ದೆ.

ಕಾಕಾ ಎಂದರೆ ಅಪ್ಪನ ತಮ್ಮ. ಅವನನ್ನು ನಾನು ‘ಅವನು’ ಎಂದೇ ಬರೆಯುತ್ತೇನೆ. ಮೈಸೂರು ಕಡೆಯ ಓದುಗರಿಗೆ ಇದು ಒರಟು ಅನ್ನಿಸಬಹುದು. ನಾವೆಲ್ಲ ಒಂದೇ ರಾಜ್ಯವಾಗಿ ಮೂರು ತಿಂಗಳು ದಾಟಿದೆ, ಆದರೆ ಮಾತು ಇನ್ನೂ ಒಂದಾಗಿಲ್ಲ. ಮೊನ್ನೆ ಆ ಕಡೆಯಿಂದ ನಮ್ಮ ಶಾಲೆಗೆ ಬಂದ ಟೀಚರೊಬ್ಬರು, ನಾನು ‘ಅವ್ವ ಬಂದಾಳ’ ಎಂದದ್ದನ್ನು ಕೇಳಿ ಬೆಚ್ಚಿದರು. ‘ಹೆತ್ತ ತಾಯಿಗೆ ಏಕವಚನವೇ?’ ಎಂದರು. ಅವರಲ್ಲಿ ತಾಯಿ ‘ಬಂದಿದ್ದಾರೆ’ಯಂತೆ. ನಾನು ನಮ್ಮವ್ವನಿಗೆ ಹಾಗೆಂದರೆ, ಹುಡುಗಿಗೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುತ್ತಾಳೆ. ನಮ್ಮಲ್ಲಿ ಮನೆಯವರಿಗೆ ಏಕವಚನ, ಸಾಹೇಬರಿಗೆ ಬಹುವಚನ. ಇಷ್ಟು ಗೊತ್ತಿದ್ದರೆ ಕಾಕಾನ ಇಂಗ್ಲಿಷ್ ತಾನಾಗಿ ತಿಳಿಯುತ್ತದೆ.

ನಮ್ಮದು ಶಿರವಾಳದ ಆಚೆ ಕುರಿ ಸಾಕುವ ಮನೆ. ಕಾಕಾ ಚಿಕ್ಕವನಿದ್ದಾಗ ಕಾಲಿಗೆ ಜಾಲಿಮುಳ್ಳು ಮುರಿದು, ಒಂದು ಬೇಸಿಗೆ ಹಿಂಡಿನ ಹಿಂದೆ ತಿರುಗಲಾರದೆ ಶಾಲೆಯಲ್ಲಿ ಕುಳಿತ. ಮುಳ್ಳು ಹೊರಬಂದ ಮೇಲೂ ಏಳಲಿಲ್ಲ. ಉರ್ದು ಕಲಿತ, ಶಾಹಪುರದ ತಹಶೀಲ ಕಚೇರಿಯಲ್ಲಿ ಕಾರಕೂನನಾದ. ಕೆಲಸಕ್ಕೆ ಹೋದ ಮೊದಲ ದಿನ ಅಲ್ಲಿಯ ಹಿರಿಯ ಮುನ್ಷಿಯವರು, ‘ಆಯಿಯೇ ಮಾಳಪ್ಪ ಸಾಬ್, ತಶರೀಫ್ ರಖಿಯೇ’ ಎಂದರಂತೆ. ಬನ್ನಿ, ಕುಳಿತುಕೊಳ್ಳಿ ಎಂಬುದಷ್ಟೇ ಅದರ ಅರ್ಥ. ಕಾಕಾ ತನ್ನ ಬೆನ್ನ ಹಿಂದೆ ಯಾರೋ ದೊಡ್ಡವರು ಬಂದಿದ್ದಾರೆ ಎಂದು ತಿರುಗಿ ನೋಡಿದ. ಅಲ್ಲಿಯವರೆಗೆ ‘ಏ ಮಾಳ್ಯಾ, ಬಾರಲೇ ಇಲ್ಲಿ’ ಎಂಬುದನ್ನಷ್ಟೇ ಕೇಳಿದ್ದ ಕಿವಿ ಅದು. ಈ ಕಥೆಯನ್ನು ಅವನು ಪ್ರತಿ ಹಬ್ಬಕ್ಕೂ ಹೇಳುತ್ತಾನೆ. ಹೇಳುವಾಗ ಪ್ರತಿ ಸಲವೂ ತಿರುಗಿ ನೋಡುತ್ತಾನೆ.

ನಮ್ಮೂರ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು. ಕಾಕಾ ನನ್ನನ್ನು ಶಾಹಪುರಕ್ಕೆ ಕರೆತಂದು ತನ್ನ ಮನೆಯಲ್ಲಿಟ್ಟುಕೊಂಡು ಮುಂದೆ ಓದಿಸಿದ. ಅವನಿಗೂ ಕಾಕಿಗೂ ಮಕ್ಕಳಿರಲಿಲ್ಲ. ನನ್ನ ಗಲಾಟೆ ಇಬ್ಬರಿಗೂ ಸಾಕಾಗುವಷ್ಟಿತ್ತು. ನಿಜಾಮರ ರಾಜ್ಯ ಹೋಗಿ ಆಗಿನ್ನೂ ಹೊಸತು. ನಮ್ಮ ಮಾಸ್ತರರು ಮೊದಲ ವರ್ಷ ಹಲಗೆಯ ಮೇಲೆ ಇಂಗ್ಲಿಷ್ ಶಬ್ದ ಬರೆದು ‘ಜುಮ್ಲೇ ಮೇಂ ಇಸ್ತೇಮಾಲ್ ಕರೋ’ ಎಂದರು. ಮರುವರ್ಷ ಅದನ್ನೇ ‘ವಾಕ್ಯದಾಗ ಉಪಯೋಗ ಮಾಡ್ರಿ’ ಎಂದರು. ರಾಜ್ಯ ಬದಲಾಗಿತ್ತು, ಶಬ್ದಗಳು ಅವೇ ಇದ್ದವು, ಬೆತ್ತವೂ ಅದೇ ಇತ್ತು.

ಸ್ವಂತ ವಾಕ್ಯ ಮಾಡುವುದು ನಿಮಗೆ ಸುಲಭ ಎನ್ನಿಸಬಹುದು. ನಮ್ಮ ಪುಸ್ತಕದಲ್ಲಿದ್ದ ಶಬ್ದಗಳು ಎಂಥವು ಎಂದು ಕೇಳಿ: ಹಿಮ, ದೀಪಸ್ತಂಭ, ಹಡಗುಕಟ್ಟೆ, ಚೆರಿ ಹಣ್ಣು. ಶಾಹಪುರದಲ್ಲಿ ಕುಳಿತು ಹಿಮದ ಮೇಲೆ ನಾವು ಏನು ಸ್ವಂತವಾಗಿ ಹೇಳಬೇಕು? ಆ ಕಷ್ಟದಲ್ಲಿ ನಾನೊಂದು ಉಪಾಯ ಕಂಡುಕೊಂಡೆ. ‘ದೇರ್ ಈಸ್ ನೋ ಸ್ನೋ ಇನ್ ಶಾಹಪುರ್.’ ಶಾಹಪುರದಲ್ಲಿ ಹಿಮ ಇಲ್ಲ. ವಾಕ್ಯ ಶುದ್ಧ, ಮಾತು ಸತ್ಯ. ದೀಪಸ್ತಂಭವೂ ಶಾಹಪುರದಲ್ಲಿ ಇಲ್ಲ, ಹಡಗುಕಟ್ಟೆಯೂ ಇಲ್ಲ. ಶಬ್ದದ ಅರ್ಥ ಗೊತ್ತಿಲ್ಲದಿದ್ದರೂ ಈ ವಾಕ್ಯ ಕೈಬಿಡುತ್ತಿರಲಿಲ್ಲ. ಶಾಹಪುರದಲ್ಲಿ ಇಲ್ಲದ ವಸ್ತುಗಳ ಪಟ್ಟಿಯನ್ನು ತಾರೀಖು ಸಮೇತ ಬರೆದಿಡುತ್ತಿದ್ದೆ. ಒಮ್ಮೆ ‘ವೆಡ್ನೆಸ್ ಡೇ’ ಎಂಬುದನ್ನೂ ಸೇರಿಸಿಬಿಟ್ಟೆ. ಮಾಸ್ತರರು ನನ್ನ ಕಾಗದವನ್ನು ತರಗತಿಗೆಲ್ಲ ಓದಿ ಹೇಳಿದರು: ‘ನೋಡ್ರಿ, ಈಕಿ ಹೇಳ್ತಾಳ, ಶಾಹಪುರದಾಗ ಬುಧವಾರ ಇಲ್ಲಂತ. ನಾಳಿ ಬುಧವಾರ ಅದ. ನಾಳಿ ನೀ ಸಾಲಿಗೆ ಬರಬ್ಯಾಡವ್ವ.’

ಇದು ನಡೆದ ವರ್ಷವೇ ಕಾಕಾನ ಕಚೇರಿಗೆ ಒಂದು ಹುಕುಮು ಬಂತು. ಉರ್ದು ಕಾಗದಗಳೆಲ್ಲ ಇಂಗ್ಲಿಷಿಗೆ ಹೊರಳುತ್ತಿದ್ದವು. ಹಂಗಾಮಿ ಕಾರಕೂನರು ಯಾದಗಿರಿಯಲ್ಲಿ ಇಂಗ್ಲಿಷ್ ಪರೀಕ್ಷೆ ಕೊಡಬೇಕು; ಪಾಸಾದವರು ಕಾಯಂ, ಉಳಿದವರು ಮನೆಗೆ. ಕಾಕಾ ಹಂಗಾಮಿಯವನು. ಆ ಸಂಜೆ ಮನೆಗೆ ಬಂದು ಟೋಪಿ ತೆಗೆಯದೆ ಕಟ್ಟೆಯ ಮೇಲೆ ಕುಳಿತ.

‘ನಿಂಗವ್ವ, ನಿನಗ ಇಂಗ್ಲಿಷ್ ಎಷ್ಟು ಬರ್ತದ?’ ಎಂದ.

‘ಶಾಹಪುರದಾಗ ಇಲ್ಲದ್ದೆಲ್ಲಾ ಬರ್ತದ ಕಾಕಾ’ ಎಂದೆ.

‘ಅಷ್ಟ ಸಾಕು. ನನಗ ಕಲಸು.’

ಕಾಕಿ ಒಳಗಿನಿಂದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: ‘ನಪಾಸಾದ್ರ ಏನ್ ಮಾಡೂದು?’

‘ಏನ್ ಮಾಡೂದು, ಊರಿಗೆ ಹೋಗೂದು. ಅಣ್ಣನ ಸಂಗಾಟ ನಾ ಕುರಿ ಹಿಂದ, ಈಕಿ ಮರಿ ಹಿಂದ.’

ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಮರಿಗಳ ಮೇಲೆ ನನಗೆ ಪ್ರೀತಿಯಿತ್ತು, ಆದರೆ ಅವುಗಳಿಗೆ ತಾರೀಖಿನ ಗೊಡವೆ ಇರಲಿಲ್ಲ. ಕಾಗದ ಸಿಕ್ಕರೆ ತಿಂದುಬಿಡುತ್ತಿದ್ದವು. ಊರಿಗೆ ಹೋದರೆ ನನ್ನ ಓದು ನಾಲ್ಕನೆಯ ಇಯತ್ತೆಗೇ ಮರಳಿ ನಿಲ್ಲುತ್ತಿತ್ತು. ಹೀಗೆ ಕಾಕಾನ ಪರೀಕ್ಷೆ ನನ್ನದೂ ಆಯಿತು.

ಮರುದಿನ ಸಂಜೆಯಿಂದ ಪಾಠ ಶುರುವಾಯಿತು. ‘ಒಬ್ಬ ಹುಡುಗ ಬಂದರೆ ಕಮ್ಸ್, ಹಲವರು ಬಂದರೆ ಕಮ್’ ಎಂದು ಮಾಸ್ತರರು ಹೇಳಿದ್ದನ್ನು ಹಾಗೆಯೇ ಒಪ್ಪಿಸಿದೆ. ಕಾಕಾ ಎರಡು ಶಬ್ದಗಳನ್ನೂ ಬಾಯಲ್ಲೇ ಹೊರಳಿಸಿ ನೋಡಿದ. ಉರ್ದುವಿನಲ್ಲಿ ಪಳಗಿದ ತಲೆ, ಯಾವುದನ್ನೂ ಸುಮ್ಮನೆ ನುಂಗುವುದಿಲ್ಲ.

‘ಹಂಗಾದ್ರ ಕಮ್ಸ್ ಅಂದ್ರ ಬರ್ತಾನ. ಕಮ್ ಅಂದ್ರ ಬರ್ತಾರ. ಹೌದಿಲ್ಲೋ?’

‘ಹೌದು.’

‘ಆತು ಬಿಡು. ನಾಯಿ ಕಮ್ಸ್. ತಹಶೀಲ್ದಾರ್ ಸಾಹೇಬ್ರು ಕಮ್.’

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಮಗೆ ಈಗ ಕಾಣುತ್ತಿರಬಹುದು. ಆಗ ನೀವು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರೆ ನಿಮಗೂ ಕಾಣುತ್ತಿರಲಿಲ್ಲ. ಇಬ್ಬರೂ ಸೇರಿ ಯಾರಿಗೆ ಎಸ್ ಹಚ್ಚಬೇಕು, ಯಾರಿಗೆ ಹಚ್ಚಬಾರದು ಎಂದು ವಿಂಗಡಿಸತೊಡಗಿದೆವು. ನನಗೆ, ಅವ್ವನಿಗೆ, ಎತ್ತಿಗೆ, ಮಳೆಗೆ, ಅಪ್ಪನಿಗೆ ಎಸ್. ಸಾಹೇಬರಿಗೆ, ಮಾಸ್ತರರಿಗೆ, ವೈದ್ಯರಿಗೆ, ಬೀಗರಿಗೆ ಇಲ್ಲ. ದೇವರ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ದೇವರು ಎಂಬುದು ಬಹುವಚನವೇ. ಆದರೆ ಮಾತಾಡುವಾಗ ‘ದೇವರು ಕೊಡ್ತಾನ’ ಎನ್ನುತ್ತೇವಲ್ಲ! ‘ದೇವ್ರು ಮನಿ ಮನುಷ್ಯಾ’ ಎಂದ ಕಾಕಾ. ದೇವರಿಗೂ ಎಸ್ ಹತ್ತಿತು.

ತಕರಾರು ಬಂದದ್ದು ಅಡಿಗೆಮನೆಯಿಂದ. ‘ಮೈ ವೈಫ್ ಕುಕ್ಸ್’ ಎಂದು ಕಾಕಾ ಗಟ್ಟಿಯಾಗಿ ಓದಿದಾಗ ಕಾಕಿ ಬಾಗಿಲಿಗೆ ಬಂದು ನಿಂತಳು.

‘ನನಗೂ ನಾಯಿಗೂ ಒಂದ ಹಚ್ಚೀರೇನ್ರಿ?’

‘ನೀ ಮನಿಯಾಕಿ ಅಲ್ಲಾ? ಪ್ರೀತಿಲೆ ಹಚ್ಚೀನಿ.’

‘ಪ್ರೀತಿ ನಿಮ್ಮ ಹಂತೇಕ ಇಟ್ಕೋರಿ. ಎಸ್ ಹಚ್ಚಿಸಿಕೊಂಡಾಕಿ ರೊಟ್ಟಿ ಬಡಿಯಂಗಿಲ್ಲ.’

ಒಲೆಯ ಮೇಲೆ ಹಂಚು ಖಾಲಿ ಕಾಯುತ್ತಿತ್ತು. ಕಾಕಾ ನನ್ನ ಮುಖ ನೋಡಿದ. ನಾನು ವ್ಯಾಕರಣದ ಮುಖ ನೋಡಲಿಲ್ಲ, ಹಂಚಿನ ಮುಖ ನೋಡಿದೆ. ‘ಮೈ ವೈಫ್ ಕುಕ್’ ಎಂದು ತಿದ್ದುಪಡಿಯಾಯಿತು. ರೊಟ್ಟಿ ಬಂದವು.

ಇಷ್ಟರಲ್ಲಿ ಒಂದು ದಿನ ಅಪ್ಪ ಊರಿಂದ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕಾಕಿಗೆಂದು ತಂದ ಗಡಿಗೆ ಬೆಣ್ಣೆ. ನಮ್ಮಿಬ್ಬರನ್ನು ಕಟ್ಟೆಯ ಮೇಲೆ ನೋಡಿ ಅಲ್ಲೇ ಕುಳಿತ.

‘ಏನ್ ಒದರಲಾಕತ್ತೀರಿ ಇಬ್ರೂ?’

‘ನಿನ್ನ ಮ್ಯಾಲ ವಾಕ್ಯ ಮಾಡಾಕತ್ತೇನಿ ಅಣ್ಣಾ. ಮೈ ಬ್ರದರ್ ಕೀಪ್ಸ್ ಶೀಪ್. ನಮ್ಮಣ್ಣ ಕುರಿ ಸಾಕ್ತಾನ.’

‘ಎಷ್ಟು ಕುರಿ?’

‘ಅದು ಅದರಾಗ ಗೊತ್ತಾಗಂಗಿಲ್ಲ. ಇಂಗ್ಲಿಷ್‌ದಾಗ ಒಂದು ಕುರಿಗೂ ಶೀಪ್, ನೂರು ಕುರಿಗೂ ಶೀಪ್.’

ಅಪ್ಪ ಬಹಳ ಹೊತ್ತು ಯೋಚಿಸಿದ. ‘ಹಿಂಡಿನಾಗ ಒಂದು ತಪ್ಪಿದ್ರ ಅವ್ರಿಗೆ ಹ್ಯಾಂಗ ಗೊತ್ತಾಗಬೇಕೋ ತಮ್ಮಾ?’ ಎಂದ. ಇಂಗ್ಲಿಷಿನವರ ಮೇಲೆ ಅವನಿಗೆ ನಿಜವಾಗಿ ಕನಿಕರ ಹುಟ್ಟಿತ್ತು. ಆಮೇಲೆ ಎಸ್ಸಿನ ವಿಚಾರವನ್ನು ಅವನಿಗೆ ವಿವರಿಸಿದೆವು.

‘ನನಗ ಹಚ್ಚೀಯೇನು?’

‘ಹೂಂ.’

‘ಸಾಹೇಬ್ರಿಗೆ?’

‘ಅವ್ರಿಗಿಲ್ಲ.’

‘ಯಾಕ, ಸಾಲಲಿಲ್ಲೇನು?’ ಎಂದು ನಕ್ಕು, ‘ಹೌದ್ಹೌದು, ಕುರಿ ಕಿವಿಗೆ ಗುರುತು ಮಾಡಿದಂಗ ಇದು. ನಮ್ಮವಕ್ಕ ಅಷ್ಟ ಮಾಡೂದು. ಮಂದಿ ಕುರಿ ಮುಟ್ಟಬಾರದು’ ಎಂದ. ಕಾಕಾ ತೊಡೆ ತಟ್ಟಿಕೊಂಡ. ಅವನ ನಿಯಮಕ್ಕೆ ಮನೆಯ ಹಿರಿಯನ ಮುದ್ರೆಯೂ ಬಿತ್ತು.

ಮುದ್ರೆ ಒಂದೇ ವಾರ ಬಾಳಿತು. ನಾನು ಶಾಲೆಯಲ್ಲಿ ‘ಅವರ್ ಹೆಡ್ ಮಾಸ್ಟರ್ ಕಮ್ ಅಟ್ ಟೆನ್’ ಎಂದು ಬರೆದೆ. ಮಾಸ್ತರರು ಕಿವಿ ಹಿಡಿದರು.

‘ಎಸ್ ಎಲ್ಲಿ?’

‘ಅವ್ರು ದೊಡ್ಡವ್ರು ಅಲ್ಲೇನ್ರೀ ಸರ್?’

‘ಇಂಗ್ಲಿಷಿನಾಗ ದೊಡ್ಡವ್ರಿಲ್ಲ. ಎಲ್ಲಾರಿಗೂ ಒಂದ ಎಸ್ಸು. ರಾಜಾಗೂ ಅದ, ಜವಾನಗೂ ಅದ.’

ಕೆಂಪಾದ ಕಿವಿಯೊಂದಿಗೆ ಮನೆಗೆ ಬಂದು ಕಾಕಾನಿಗೆ ಹೇಳಿದೆ. ಪರೀಕ್ಷೆಗೆ ಆಗ ಹದಿನೈದು ದಿನ ಇರಬೇಕು. ಅವನ ಮುಖ ಬಾಡಿತು. ಪರೀಕ್ಷೆ ತೆಗೆದುಕೊಳ್ಳುವವರು ಸಾಹೇಬರು. ಪ್ರಶ್ನೆಗಳು ಸಾಹೇಬರ ಮೇಲೆ. ಉತ್ತರ ಓದುವವರೂ ಸಾಹೇಬರೇ. ‘ಉರ್ದುದಾಗ ಸಾಹೇಬ್ರು ಆತೇ ಹೈಂ. ಕನ್ನಡದಾಗ ಬರ್ತಾರ. ಎರಡರಾಗೂ ಕುರ್ಚಿ ಕೊಟ್ಟೀನಿ ಅವ್ರಿಗೆ. ಈಗ ಒಮ್ಮಿಗೇ ಕಮ್ಸ್ ಅಂದ್ರ, ಬಾರಲೇ ಅಂದಂಗ ಆಗ್ತದವ್ವ. ನನ್ನ ಕೈ ಬರೆಯಂಗಿಲ್ಲ’ ಎಂದ.

‘ಬರೀಲಿಲ್ಲಂದ್ರ ನಪಾಸ್ ಕಾಕಾ.’

‘ಗೊತ್ತದ.’

ಎರಡು ದಿನ ಕಟ್ಟೆಯ ಮೇಲೆ ಪಾಠ ನಡೆಯಲಿಲ್ಲ. ಕಾಕಿ ತಾನಾಗಿ ಬಂದು, ‘ನನಗ ಬೇಕಾದ್ರ ಎಸ್ ಹಚ್ಚಿಕೋರಿ, ನಾ ಏನೂ ಅನ್ನಂಗಿಲ್ಲ’ ಎಂದು ಉದಾರಳಾದಳು. ಅದರಿಂದ ಉಪಯೋಗವಾಗಲಿಲ್ಲ. ಮೂರನೆಯ ದಿನ ನನಗೇ ದಾರಿ ಹೊಳೆಯಿತು. ಭೂತಕಾಲ! ‘ಕೇಮ್’ ಎಂದರೆ ಬಂದ, ‘ಕೇಮ್’ ಎಂದರೆ ಬಂದರು. ನಾಯಿಗೂ ಕೇಮ್, ಸಾಹೇಬರಿಗೂ ಕೇಮ್. ಆಗಿಹೋದದ್ದರಲ್ಲಿ ಎಸ್ಸಿನ ಮಾತೇ ಇಲ್ಲ. ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟು, ‘ನನ್ನ ನೌಕರಿ ಉಳಿಸಿದಿ ನನ್ನವ್ವ’ ಎಂದ. ಅಂದಿನಿಂದ ನಮ್ಮ ಕಟ್ಟೆಯ ಮೇಲೆ ಸಾಹೇಬರು ಬಂದರು, ಕುಳಿತರು, ಸಹಿ ಮಾಡಿದರು, ಹೋದರು. ಗೊತ್ತಿಲ್ಲದ ಶಬ್ದ ಬಂದರೆ ಏನು ಮಾಡಬೇಕೆಂಬುದನ್ನೂ ಹೇಳಿಕೊಟ್ಟೆ. ಶಾಹಪುರದಲ್ಲಿ ಅದು ಇಲ್ಲ ಎಂದರೆ ಆಯಿತು.

ಪರೀಕ್ಷೆಯ ದಿನ ಅವನು ಇಸ್ತ್ರಿಯ ಅಂಗಿ ತೊಟ್ಟು, ಮೊದಲ ಬಸ್ಸಿಗೆ ಭೀಮೆ ದಾಟಿ ಯಾದಗಿರಿಗೆ ಹೋದ. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಆದರೆ ಅವನು ಆಮೇಲೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾನೆಂದರೆ, ಸಾಹೇಬರ ಮೇಜಿನ ಮೇಲಿನ ಚಹದ ಕಪ್ಪು ಎಡಗಡೆಗಿತ್ತು ಎಂಬುದೂ ನನಗೆ ಗೊತ್ತು.

ಬೆಳಿಗ್ಗೆ ಬರೆಯುವ ಪರೀಕ್ಷೆ. ಮಧ್ಯಾಹ್ನ ಒಬ್ಬೊಬ್ಬರನ್ನೇ ಒಳಗೆ ಕರೆದರು. ಸಾಹೇಬರು ಧಾರವಾಡ ಕಡೆಯವರು, ಹೊಸದಾಗಿ ಬಂದವರು. ಕಾಕಾನ ಕಾಗದ ಅವರ ಕೈಯಲ್ಲಿತ್ತು.

‘ಬರ್ರಿ ಮಾಳಪ್ಪನವರ, ಕೂಡ್ರಿ. ನಿಮ್ಮೂರಾಗ ಏನ್ ಅನಾಹುತ ಆಗೇದರೀ?’

ಕಾಕಾ ಕೂಡಲಿಲ್ಲ. ‘ಏನಿಲ್ರೀ ಸಾಹೇಬ್ರ. ಎಲ್ಲಾ ಸುಖ ಅದರಿ’ ಎಂದ.

‘ಸುಖ ಹ್ಯಾಂಗ? ಕೇಳ್ರಿಲ್ಲೆ.’ ಸಾಹೇಬರು ಓದಿದರು. ‘ದಿ ತಹಶೀಲ್ದಾರ್ ಲಿವ್ಡ್ ಇನ್ ಶಾಹಪುರ್. ತಹಶೀಲ್ದಾರರು ಶಾಹಪುರದಾಗ ಬಾಳಿದರು. ಹಿ ಹೆಲ್ಪ್ಡ್ ದಿ ಪೂವರ್. ಬಡವರಿಗೆ ಉಪಕಾರ ಮಾಡಿದರು. ಹಿ ಲವ್ಡ್ ಮ್ಯಾಂಗೋಸ್. ಮಾವಿನಹಣ್ಣಂದ್ರ ಅವರಿಗೆ ಪ್ರಾಣ ಆಗಿತ್ತು. ಅಲ್ರೀ, ಮೊನ್ನಿ ಆಯಿತವಾರ ಅವರು ನನ್ನ ಮನಿಯಾಗ ಊಟ ಮಾಡ್ಯಾರ. ಯಾವಾಗ ತೀರಿಕೊಂಡ್ರು?’

ಸಾಹೇಬರು ಬಿಡಲಿಲ್ಲ. ‘ಅಷ್ಟಕ್ಕ ಮುಗೀಲಿಲ್ಲ. ಆಥಾರಿಟಿ ಅನ್ನೂ ಶಬ್ದಕ್ಕ ಏನ್ ಬರದೀರಿ? ದೇರ್ ಈಸ್ ನೋ ಆಥಾರಿಟಿ ಇನ್ ಶಾಹಪುರ್. ಶಾಹಪುರದಾಗ ಅಧಿಕಾರ ಅನ್ನೂದ ಇಲ್ಲ! ತಹಶೀಲ್ದಾರರು ಹೋದರು, ಅಧಿಕಾರ ಹೋತು. ನಾ ಈಗ ಪೋಲೀಸರ್ನ ಕಳಸಬೇಕೋ, ಏನ್ ಅವರ ದಿನದ ಊಟಕ್ಕ ಬರಬೇಕೋ?’

ಆ ಶಬ್ದದ ಅರ್ಥ ಕಾಕಾನಿಗೆ ಗೊತ್ತಿರಲಿಲ್ಲ. ನಾನು ಹೇಳಿಕೊಟ್ಟ ಪ್ರಕಾರ ಅದನ್ನು ಶಾಹಪುರದಿಂದ ಓಡಿಸಿದ್ದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಕಮ್ಸ್ ಎಂದರೆ ಬರ್ತಾನ, ಕಮ್ ಎಂದರೆ ಬರ್ತಾರ. ಸಾಹೇಬರಿಗೆ ಎಸ್ ಹಚ್ಚಲು ಕೈ ಬರಲಿಲ್ಲ. ಅದಕ್ಕೇ ಎಲ್ಲರನ್ನೂ ಹಿಂದಿನ ಕಾಲಕ್ಕೆ ಕಳಿಸಿದೆ.

ಸಾಹೇಬರು ಕಾಗದವನ್ನು ಮತ್ತೊಮ್ಮೆ ಮೇಲಿನಿಂದ ಓದಿದರು. ಕಾಕಾ ಆ ಹೊತ್ತಿನಲ್ಲಿ ನಮ್ಮೂರ ಹಾದಿ, ಹಿಂಡು, ನನ್ನ ಪಾಟಿಚೀಲ ಎಲ್ಲವನ್ನೂ ಕಂಡನಂತೆ.

‘ಮಾಳಪ್ಪನವರ, ಮರ್ಯಾದಿ ಚಲೋ. ಆದ್ರ ನಮ್ಮನ್ನ ಕೊಲ್ಲಬ್ಯಾಡ್ರಿ. ಈಗ ಒಂದು ವಾಕ್ಯ ಹೇಳ್ರಿ. ಕೀಪ್ ಅನ್ನೂ ಶಬ್ದ. ವರ್ತಮಾನ ಕಾಲ, ಎಸ್ ಬೇಕು. ಸರಿಯಾಗಿ ಹೇಳಿದ್ರ ಪಾಸ್.’

ಆ ಶಬ್ದಕ್ಕೆ ಕಾಕಾನ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿಯೇ ಇತ್ತು. ‘ಮೈ ಬ್ರದರ್ ಕೀಪ್ಸ್ ಶೀಪ್.’

‘ಭೇಷ್! ಎಸ್ ಬಂತಲ್ಲ! ಈಗ ಅದನ್ನ ನನ್ನ ಮ್ಯಾಲ ಹೇಳ್ರಿ. ನಿಮ್ಮಣ್ಣಗ ಹಚ್ಚಿದ್ದು ನನಗ ಹಚ್ಚಿದ್ರ ನನಗೇನೂ ಸಣ್ಣತನ ಇಲ್ಲ.’

ಕಾಕಾ ನಿಂತೇ ಇದ್ದ, ಇನ್ನೂ ನೆಟ್ಟಗಾದ. ‘ದಿ ಆಫೀಸರ್ ಕೀಪ್…’ ಎಂದ. ನಿಲ್ಲಿಸಿದ. ನೆಲ ನೋಡಿದ. ಆಮೇಲೆ ಗಾಳಿ ಹೋದ ಸೈಕಲ್ಲಿನಂತೆ ‘…ಸ್’ ಎಂದು ಬಿಟ್ಟ. ‘ದಿ ಆಫೀಸರ್ ಕೀಪ್ಸ್ ಕ್ಲರ್ಕ್ಸ್. ಮಾಫ್ ಮಾಡ್ರಿ ಸಾಹೇಬ್ರ.’

ಅಣ್ಣ ಕುರಿ ಸಾಕುತ್ತಾನೆ, ಸಾಹೇಬರು ಕಾರಕೂನರನ್ನು ಸಾಕುತ್ತಾರೆ. ಸಾಹೇಬರು ನಕ್ಕ ನಗೆಗೆ ಎಡಗಡೆಯಿದ್ದ ಕಪ್ಪು ಉರುಳಿ ಚಹ ಕಾಗದದ ಮೇಲೆ ಹರಿಯಿತು. ‘ಖರೇ ಹೇಳಿದ್ರಿ, ಕಾಯೂದು ನಿಮ್ಮಣ್ಣಂದೇ ಸುಲಭ’ ಎನ್ನುತ್ತ ಒದ್ದೆ ಕಾಗದದ ಮೇಲೆಯೇ ಸಹಿ ಮಾಡಿದರು. ಕಾಕಾ ಬಾಗಿಲು ದಾಟುವಾಗ ಹಿಂದಿನಿಂದ, ‘ಗಾಡ್ ಬ್ಲೆಸ್ ಯು, ಮಾಳಪ್ಪನವರ’ ಎಂದರು. ದೇವರು ಒಳ್ಳೆಯದು ಮಾಡಲಿ.

ಇತ್ತ ನಾವು ಮಧ್ಯಾಹ್ನದಿಂದ ಬಾಗಿಲಲ್ಲೇ ಇದ್ದೆವು. ಅಪ್ಪನೂ ಊರಿಂದ ಬಂದಿದ್ದ. ನಪಾಸಾದರೆ ಸಾಮಾನು ಹೊರಲು ಒಬ್ಬರು ಬೇಕಲ್ಲ ಎಂದು ಬಂದೆ ಎಂದ. ಸಂಜೆ ಬಸ್ಸಿನ ಹೊತ್ತಿಗೆ ಕಾಕಾ ದೂರದಿಂದ ಓಡುತ್ತ ಬರುವುದು ಕಾಣಿಸಿತು. ಟೋಪಿ ಕೈಯಲ್ಲಿತ್ತು. ಕಾಕಿ, ‘ಪಾಸೋ ನಪಾಸೋ, ಮೊದಲ ಅದು ಹೇಳ್ರಿ’ ಎಂದಳು. ಅವನು ಅವಳನ್ನು ದಾಟಿ ನೇರ ನನ್ನ ಮುಂದೆ ಬಂದು ನಿಂತ.

‘ನಿಂಗವ್ವ! ಅವ್ರು ದೇವ್ರಿಗೆ ಎಸ್ ಹಚ್ಚಲಿಲ್ಲ!’

‘ಯಾರು ಕಾಕಾ?’

‘ಸಾಹೇಬ್ರು! ಗಾಡ್ ಬ್ಲೆಸ್ ಅಂದ್ರು. ಬ್ಲೆಸ್ಸಸ್ ಅನಲಿಲ್ಲ. ದೇವ್ರು ಒಬ್ಬನ ಅದಾನ, ಎಸ್ ಬೇಕಲ್ಲಾ? ಇಂಗ್ಲಿಷಿನಾಗ ದೊಡ್ಡವ್ರಿಲ್ಲಂತ ನಿಮ್ಮ ಮಾಸ್ತರ್ರು ಹ್ಯಾಂಗ ಹೇಳ್ತಾರ? ಅದಾರ! ನಾವು ದೇವ್ರಿಗೆ ಸುಮ್ಮ ಎಸ್ ಹಚ್ಚಿದ್ವಿ!’

‘ಪಾಸ್ ಆತೇನ್ರಿ?’ ಎಂದು ಕಾಕಿ ಕಿರುಚಿದಳು.

‘ಆಂ? ಆತು, ಆತು. ಕಾಯಂ.’

ಅಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ‘ಹಂಗಾದ್ರ ಸಾಮಾನಿಲ್ಲ. ಸುಮ್ನ ಬಂದೆ’ ಎಂದು ನಗುತ್ತ ಊಟಕ್ಕೆ ಕುಳಿತ. ನಾನು ಶಾಹಪುರದಲ್ಲೇ ಉಳಿದು ಓದಿದೆ. ಓದಿದ್ದರಿಂದ ಈ ಕೆಂಪು ಶಾಯಿ ಕೈಗೆ ಬಂತು.

ಈಗ ಐದಕ್ಕೆ ಹತ್ತು ನಿಮಿಷ. ಆ ಹುಡುಗಿಯ ಕಾಗದ ಇನ್ನೂ ನನ್ನ ಮುಂದಿದೆ. ಅವಳಿಗೆ ನಮ್ಮ ಕಾಕಾ ಯಾರೆಂದೂ ತಿಳಿಯದು. ತಾನಾಗಿಯೇ ಲೆಕ್ಕ ಹಾಕಿ, ಅವ್ವನನ್ನು ಹತ್ತಿರ ಇಟ್ಟುಕೊಂಡು, ನನಗೊಂದು ಕುರ್ಚಿ ಹಾಕಿದ್ದಾಳೆ. ಓದಿದ ಕೂಡಲೇ ನಾನೂ ಬೆನ್ನ ಹಿಂದೆ ತಿರುಗಿ ನೋಡಿದೆ. ಅಲ್ಲಿ ಗೋಡೆ ಬಿಟ್ಟು ಯಾರೂ ಇರಲಿಲ್ಲ.

ನಾಳೆ ಅವಳಿಗೆ ನಿಯಮ ಹೇಳಲೇಬೇಕು. ಹೇಳಿದ ಮೇಲೆ ಅವಳು ಕಾಕಾ ಕೇಳಿದ್ದನ್ನೇ ಕೇಳಬಹುದು. ‘ಗಾಡ್ ಬ್ಲೆಸ್ ಯು’ ಎನ್ನುವಲ್ಲಿ ಎಸ್ ಯಾಕಿಲ್ಲ? ನಮ್ಮ ಶಾಲೆಯ ವ್ಯಾಕರಣದ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ಅದು ಹಾರೈಕೆಯ ಮಾತು, ಹಾರೈಕೆಗೆ ಬೇರೆ ಕಟ್ಟಳೆ ಎಂದು ಒಬ್ಬರು ಹೇಳಿದರು. ಯಾವ ಕಟ್ಟಳೆ ಎಂದು ಕೇಳಿದ್ದಕ್ಕೆ ಅವರಿಗೂ ತಿಳಿದಿರಲಿಲ್ಲ. ಕಾಕಾ ಮಾತ್ರ ತನ್ನ ನಿಯಮವೇ ಅಲ್ಲಿ ಅಡಗಿ ಕುಳಿತಿದೆ ಎಂದು ಈಗಲೂ ಹೇಳುತ್ತಾನೆ. ಓದುವವರಲ್ಲಿ ಇದನ್ನು ಬಲ್ಲವರಿದ್ದರೆ, ಅಥವಾ ನಿಮ್ಮ ಕಡೆಯೂ ಮಕ್ಕಳು ದೊಡ್ಡವರಿಗೆ ಎಸ್ ಹಚ್ಚಲು ಹಿಂಜರಿಯುವುದನ್ನು ಕಂಡವರಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿರಿ. ಅಲ್ಲಿಯವರೆಗೆ ಅವಳ ‘ಕಮ್’ ಪಕ್ಕದಲ್ಲಿ ಒಂದು ಎಸ್ ಬರೆದಿದ್ದೇನೆ. ಪೆನ್ಸಿಲ್ಲಿನಲ್ಲಿ, ತೆಳ್ಳಗೆ. ಶಾಯಿ ಹಾಕಿಲ್ಲ.